ಚೀಲ ಕೆಳಗಿಟ್ಟ ಮನೆ

ಬೀಗದಕ್ಕ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗಿಬಿಡುತ್ತದೆ. ಹೆಗಲಿಗೆ ತೂಗುಹಾಕಿದ ಕಂದು ಚೀಲದೊಳಗೆ ಮಾರಾಟಕ್ಕಿರುವ ಮನೆಗಳ ಬೀಗದ ಕೈಗಳೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಬೀದಿಯ ಆ ತುದಿಯಿಂದಲೇ ಡಂಗುರ ಸಾರುತ್ತವೆ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿರಲೇಬೇಕು, ಬ್ಯಾಂಕಿನವರಿಗೆ ಗೊತ್ತಿರಬಹುದು. ಮಿಕ್ಕ ಊರಿಗೆಲ್ಲ ಅವಳು ಬೀಗದಕ್ಕ. ತರಕಾರಿ ಅಂಗಡಿಯ ಹುಡುಗಿಗೂ ಬೀಗದಕ್ಕ, ಅವಳ ಅಪ್ಪನ ವಯಸ್ಸಿನ ಅಂಚೆಯವರಿಗೂ ಬೀಗದಕ್ಕ.

ಮನೆ ತೋರಿಸುವುದು, ಮಾರಿಸುವುದು ಅವಳ ಕಸುಬು. ಬ್ರೋಕರ್ ಎಂದರೆ ಬ್ರೋಕರೇ, ಅದರಲ್ಲಿ ನಾಚಿಕೆ ಏನು ಬಂತು? ಈಗ ಯಾವ ಮನೆ ಹೋಗುತ್ತಿದೆ, ಯಾವುದು ಕೂತಿದೆ ಎಂದು ಅವಳನ್ನು ಒಮ್ಮೆ ಕೇಳಿ ನೋಡಿ, ನಿಮ್ಮ ಚಹಾ ಆರಿ ತಣ್ಣಗಾಗುವವರೆಗೆ ಬಿಡುವುದಿಲ್ಲ.

“ಎರಡು ರೂಮಿನ ಫ್ಲ್ಯಾಟು, ಲಿಫ್ಟಿರಬೇಕು, ಬಸ್ ಸ್ಟಾಪು ಹತ್ರ ಇರಬೇಕು. ಅಂಥದ್ದಾದ್ರೆ ನಾನು ಬಾಯೇ ಬಿಡಬೇಕಾಗಿಲ್ಲ, ಗೋಡೆ ಬಣ್ಣ ಒಣಗೋ ಮೊದಲೇ ಹೋಗುತ್ತೆ,” ಎನ್ನುತ್ತಾಳೆ. “ಮುಂಚೆ ಎಲ್ಲರಿಗೂ ಮುಂದೊಂದು ಅಂಗಳ ಬೇಕಿತ್ತು. ಈಗ ಅಂಗಳ ಅಂದ ಕೂಡ್ಲೇ, ಗುಡಿಸೋರ್ಯಾರು ಅಂತಾರೆ. ದೊಡ್ಡ ನಾಲ್ಕು ರೂಮಿನ ಮನೆ ನೋಡೋಕೆ ಸಂಸಾರ ಸಮೇತ ಬರ್ತಾರೆ, ಎಲ್ಲ ಬಾಗಿಲೂ ತೆಗೀತಾರೆ, ಎಲ್ಲ ನಲ್ಲೀನೂ ತಿರುಗಿಸ್ತಾರೆ, ಕೊನೆಗೆ ಫೋನ್ ಮಾಡ್ತೀವಿ ಅಂತ ಹೋಗ್ತಾರೆ. ಆ ಫೋನು ಇನ್ನೂ ದಾರೀಲೇ ಇದೆ.”

ಅವಳಿಗೆ ಎಲ್ಲಕ್ಕಿಂತ ಖುಷಿ ಕೊಡುವುದು ಒಂದೇ ಕೋಣೆಯ ಪುಟ್ಟ ಫ್ಲ್ಯಾಟು. ಈಚೆಗೆ ಒಂಟಿ ಹೆಂಗಸರು ಅವನ್ನು ಕೊಳ್ಳತೊಡಗಿದ್ದಾರೆ. ಟೀಚರುಗಳು, ನರ್ಸುಗಳು, ಅಂಗಡಿಯಲ್ಲಿ ಕೂತು ಕೂತು ಬೆನ್ನು ಬಾಗಿದ ಒಬ್ಬ ಟೈಲರಮ್ಮ. ಆ ಟೈಲರಮ್ಮ ಕೈಗೆ ಬೀಗದ ಕೈ ಬಂದದ್ದೇ ತಡ, ಒಳಗೆ ಹೋಗಿ ಚಿಲಕ ಹಾಕಿಕೊಂಡುಬಿಟ್ಟರು. ಬೀಗದಕ್ಕ ಹೊರಗೆ ಕಾಯ್ದಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಹಾಡು ಕೇಳಿಸಿತು, ಶ್ರುತಿ ಇಲ್ಲ, ತಾಳ ಇಲ್ಲ, ಗಂಟಲು ತೆರೆದು ಹಾಡಿದ ಹಾಡು. ರುಜು ಹಾಕಿಸಿಕೊಳ್ಳಬೇಕಾಗಿದ್ದದ್ದನ್ನೂ ಮರೆತು ಬೀಗದಕ್ಕ ನಗುತ್ತಾ ಮೆಟ್ಟಿಲಿಳಿದು ಬಂದಳು.

ಇನ್ನು ಏನೇ ತಿಪ್ಪರಲಾಗ ಹಾಕಿದರೂ ಹೋಗದ ಮನೆಗಳಿರುತ್ತವೆ. ಒಂದರ ಮೇಲೊಂದು ಕೋಣೆ ಪೇರಿಸಿ ಕಟ್ಟಿದ ಮೆಟ್ಟಿಲ ಮನೆ. ಅಗ್ನಿಶಾಮಕ ಠಾಣೆಯ ಪಕ್ಕದ ಮನೆ. ಶಾಲೆಯ ಪಕ್ಕದ ಮನೆ. ಮೆಟ್ಟಿಲೂ ಇದ್ದು ಶಾಲೆಯೂ ಪಕ್ಕದಲ್ಲಿದ್ದರೆ ಕೇಳುವುದೇ ಬೇಡ. ನಮ್ಮ ಕಥೆ ಇರುವುದು ಅಂಥದ್ದೇ ಒಂದು ಮನೆಯಲ್ಲಿ.

ಅದಕ್ಕೆ ಮೊದಲು ಅತ್ತೆಯ ವಿಷಯ ಹೇಳಬೇಕು. ಬೀಗದಕ್ಕನಿಗೆ ಈ ಕಸುಬು ಬಂದದ್ದು ತವರಿನಿಂದಲ್ಲ, ಗಂಡನ ತಾಯಿಯಿಂದ. ಆ ಕಂದು ಚೀಲವೂ ಮೊದಲು ಅತ್ತೆಯದೇ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ಅಡುಗೆಮನೆ ತೋರಿಸಲಿಲ್ಲ, ನೇರವಾಗಿ ಮಾರಾಟಕ್ಕಿದ್ದ ಮನೆಗಳನ್ನೇ ತೋರಿಸಲು ಕರೆದುಕೊಂಡು ಹೋದರು. ಅತ್ತೆಗೆ ಎರಡು ನಿಯಮ. ಮೊದಲನೆಯದು, ಮನೆಯ ಒಂದು ಕುಂದನ್ನೂ ಬಚ್ಚಿಡಬಾರದು. ಎರಡನೆಯದು, ಬ್ರೋಕರಿಗೆ ತಾನೇ ಕೊಳ್ಳಬೇಕು ಅನ್ನಿಸಿದ ಮನೆ ಇದ್ದರೆ ಅದನ್ನು ಬೇರೆಯವರಿಗೆಲ್ಲ ತೋರಿಸಿ, ಯಾರೂ ಬೇಡವೆಂದ ಮೇಲೆಯೇ ಬಾಯಿ ಬಿಡಬೇಕು. “ನಂಬಿ ಬೀಗದ ಕೈ ಕೊಟ್ಟಿರ್ತಾರೆ ಕಣೇ. ಮೊದಲು ನಮ್ಮ ತಟ್ಟೆಗೇ ಬಡಿಸ್ಕೊಂಡ್ರೆ ಏನು ಚೆನ್ನ?” ಎನ್ನುತ್ತಿದ್ದರು.

ಇದರ ಜೊತೆಗೆ ಒಂದು ಗುಟ್ಟನ್ನೂ ಹೇಳಿಕೊಟ್ಟಿದ್ದರು.

“ಅವರ ಬಾಯಿ ನೋಡ್ಬೇಡ, ಚೀಲ ನೋಡು. ಚೆನ್ನಾಗಿದೆ ಚೆನ್ನಾಗಿದೆ ಅಂತಾನೇ ಇರ್ತಾರೆ, ಚೀಲ ಮಾತ್ರ ಹೆಗಲಲ್ಲೇ ಇರುತ್ತೆ. ಅವರು ಕೊಳ್ಳಲ್ಲ. ಇನ್ನೊಬ್ಬರು ಮೂಗು ಮುರೀತಾನೇ ಇರ್ತಾರೆ, ಆದ್ರೆ ಅವರಿಗೇ ಗೊತ್ತಿಲ್ಲದ ಹಾಗೆ ಚೀಲ ಎಲ್ಲೋ ಒಂದು ಕಡೆ ಇಟ್ಟಿರ್ತಾರೆ. ಆ ಮನೆ ಹೋಯ್ತು ಅಂತಲೇ ತಿಳ್ಕೋ.”

ಇದು ಸುಳ್ಳಾದದ್ದನ್ನು ಬೀಗದಕ್ಕ ಇದುವರೆಗೆ ಕಂಡಿಲ್ಲ. ಅತ್ತೆಯಂತೂ ತಾವು ತೋರಿಸುವ ಮನೆಯಲ್ಲಿ ತಪ್ಪಿಯೂ ಚೀಲ ಕೆಳಗಿಡುತ್ತಿರಲಿಲ್ಲ. ಮನೆ ನಮ್ಮದಲ್ಲ ಎಂದು ಹೆಗಲಿಗೆ ನೆನಪಿರಲಿ ಎನ್ನುತ್ತಿದ್ದರು.

ಆಮೇಲೆ ಅತ್ತೆಯ ಕಿವಿ ಮಂದವಾಯಿತು. ಒಂದು ದಿನ ಮನೆಗೆ ಬಂದವರೇ ಚೀಲವನ್ನು ಸೊಸೆಯ ಕೈಗೆ ಕೊಟ್ಟು, “ಗಂಡ ಹೆಂಡ್ತಿ ಅಡುಗೆಮನೇಲಿ ನಿಂತು ಪಿಸುಗುಟ್ಟೋದು ಕೇಳಿಸ್ಲಿಲ್ಲ ಅಂದ್ಮೇಲೆ ನಾನೆಂಥಾ ಬ್ರೋಕರು?” ಎಂದು ಕೂತುಬಿಟ್ಟರು. ಕಿವಿಯ ಡಾಕ್ಟರು ಮಷೀನು ಕೊಟ್ಟರು. ಅದು ಅತ್ತೆಯ ಕಿವಿಯಲ್ಲಿ ಕುಯ್ಯೋ ಎನ್ನುತ್ತಿತ್ತಂತೆ, ಡ್ರಾಯರಿಗೆ ಹೋಯಿತು. ಹತ್ತಿರ ಬಂದು ಜೋರಾಗಿ ಹೇಳಿದರೆ ಕೇಳಿಸುತ್ತದೆ, ತುಟಿ ನೋಡಿಯೂ ಅರ್ಧಕ್ಕರ್ಧ ತಿಳಿಯುತ್ತದೆ. ಆದರೆ ಯಾರೂ ಎದುರಿಗೆ ಇಲ್ಲದ ಹೊತ್ತಿನಲ್ಲಿ ಅವರ ಪಾಲಿಗೆ ಲೋಕವೇ ಬಾಯಿ ಮುಚ್ಚಿಕೊಂಡಿರುತ್ತದೆ.

ಅತ್ತೆ, ಮಗ, ಸೊಸೆ ಮೂವರೂ ಇದ್ದದ್ದು ಬಾಡಿಗೆಯ ಎರಡು ಕೋಣೆಯಲ್ಲಿ. ಊರಿಗೆಲ್ಲ ಮನೆ ಕೊಡಿಸಿದ ಎರಡು ತಲೆಮಾರಿಗೆ ಸ್ವಂತ ಮನೆ ಇರಲಿಲ್ಲ ನೋಡಿ! ಹಿಂಬದಿಯ ಕಟ್ಟಡ, ಕಿಟಕಿ ತೆರೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಗಂಡ ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಹಾರನ್ನು ಕೇಳಿ ಬಂದ ಮನುಷ್ಯ, ಮನೆಯಲ್ಲಿ ಮಾತು ಕಡಿಮೆ. ಸಂಜೆ ಬೀಗದಕ್ಕ ಚೀಲ ಕುಲುಕಿಸುತ್ತಾ ಮೆಟ್ಟಿಲು ಹತ್ತಿದರೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತಿತ್ತು, ಅತ್ತೆಯೊಬ್ಬರನ್ನು ಬಿಟ್ಟು. ಅವರು ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಆ ಗೋಡೆಯನ್ನೇ ನೋಡುತ್ತಿರುತ್ತಿದ್ದರು. ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದರು. ದಿನಾ ಹೀಗೆ ಬೆಚ್ಚಿಬೀಳುವುದನ್ನು ಬೀಗದಕ್ಕನಿಂದ ನೋಡಲಾಗುತ್ತಿರಲಿಲ್ಲ. ಎಷ್ಟಾದರೂ ಬೀದಿ ಬೀದಿ ಅಲೆದು, ಊರೆಲ್ಲ ಮಾತಾಡಿಸಿ ಬದುಕಿದ ಜೀವ ಅದು.

ಹೀಗಿರುವಾಗ ವಾಚ್ ರಿಪೇರಿಯವರು ತಮ್ಮ ಮನೆಯನ್ನು ಮಾರಾಟಕ್ಕಿಟ್ಟರು.

ಅವರದು ಶಾಲೆಯ ಕಾಂಪೌಂಡಿಗೆ ಅಂಟಿಕೊಂಡ ಮೆಟ್ಟಿಲ ಮನೆ. ಕೆಳಗೆ ಅಡುಗೆಮನೆ, ಅದರ ಮೇಲೊಂದು ಕೋಣೆ, ಅದರ ಮೇಲೆ ಮತ್ತೊಂದು. ಮನೆ ಕಟ್ಟಿದವನಿಗೆ ಏನು ಅವಸರವಿತ್ತೋ, ಹಿಡಿಯಷ್ಟು ಜಾಗದಲ್ಲಿ ಆಕಾಶಕ್ಕೆ ಹೊರಟುಬಿಟ್ಟಿದ್ದ. ವಾಚಿನವರಿಗೆ ಮಂಡಿನೋವು. ತಂಗಿಯ ಮನೆ ಪಕ್ಕದ ಲಿಫ್ಟಿರುವ ಫ್ಲ್ಯಾಟನ್ನು ಬೀಗದಕ್ಕನೇ ಅವರಿಗೆ ಗೊತ್ತು ಮಾಡಿಕೊಟ್ಟಿದ್ದಳು. ತಿಂಗಳ ಕೊನೆಯೊಳಗೆ ಈ ಮನೆ ಹೋದರೆ ಮಾತ್ರ ಆ ಫ್ಲ್ಯಾಟು ಅವರದು.

“ಮಂಡಿ ಒಂದು ಕಾರಣ ಅಷ್ಟೇ ಬೀಗದಕ್ಕಾ,” ಎಂದಿದ್ದರು ಅವರು ಬೀಗದ ಕೈ ಕೊಡುವಾಗ. “ನಿಜವಾದ ಕಾರಣ ಆ ಗಂಟೆ. ಆ ಜವಾನ ಒಂದೇ ಒಂದು ದಿನ ಸರಿಯಾದ ಟೈಮಿಗೆ ಹೊಡೆದಿಲ್ಲ. ಚಹಾ ಕುಡಿದು, ಬಾಯಿ ಒರೆಸ್ಕೊಂಡು, ಆಮೇಲೆ ಬರ್ತಾನೆ. ಊರಿನ ವಾಚೆಲ್ಲ ಸರಿಮಾಡೋ ನಾನು, ಕಿವಿ ಪಕ್ಕದಲ್ಲೇ ಈ ತಪ್ಪು ಟೈಮು ಕೇಳ್ಕೊಂಡು ಜನ್ಮ ಸವೆಸಿದೀನಿ. ನನ್ನ ಬಿ.ಪಿ.ಗೆ ಅವನೇ ಹೊಣೆ!”

ಬೀಗದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅದಾದ ಕೆಲವು ದಿನಕ್ಕೆ ಅತ್ತೆಯನ್ನು ಕಿವಿಯ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ, ಅಳತೆ ಟೇಪು ಅಲ್ಲೇ ಮರೆತದ್ದು ನೆನಪಾಗಿ ಬೀಗದಕ್ಕ ಆ ಮನೆಗೆ ಹೊಕ್ಕಳು. ಅತ್ತೆಯೂ ಹಿಂದೆಯೇ ಬಂದರು. ಅತ್ತೆಯ ಕಿವಿ ಸೋತಿರಬಹುದು, ಕಾಲು ಸೋತಿಲ್ಲ. ಲಿಫ್ಟಿಲ್ಲದ ಕಾಲದಲ್ಲಿ ಊರಿನ ಮೆಟ್ಟಿಲೆಲ್ಲ ಹತ್ತಿಳಿದ ಕಾಲುಗಳು, ಸೊಸೆಗಿಂತ ಮೊದಲೇ ನಡುವಿನ ಕೋಣೆಗೆ ತಲುಪಿದವು. ಅಲ್ಲೊಂದು ಅಗಲವಾದ ಕಿಟಕಿ, ಕೂರುವಷ್ಟು ಅಗಲದ ಕಟ್ಟೆ. ಕೆಳಗೆ ಆಟದ ಮೈದಾನ, ಅದರ ತುಂಬ ಮಕ್ಕಳು. ಶಾಲೆಯ ಗಂಟೆ ಹಳೇ ಕಾಲದ ಕಂಚಿನದು, ಕೈಯಲ್ಲಿ ಹೊಡೆಯುವಂಥದ್ದು. ಅದನ್ನು ತೂಗುಹಾಕಿದ ಕಬ್ಬಿಣದ ಕೊಕ್ಕೆಯನ್ನು ಯಾವ ಪುಣ್ಯಾತ್ಮನೋ ಈ ಮನೆಯ ಗೋಡೆಗೇ ಜಡಿದಿದ್ದ.

ಜವಾನ ಬಂದು ಗಂಟೆ ಹೊಡೆದ. ಗೋಡೆ ಗುಂಯ್ ಎಂದಿತು.

ಅತ್ತೆ ಸರಕ್ಕನೆ ತಲೆ ಎತ್ತಿದರು. “ಗಂಟೆ ಹೊಡೀತು ಅಲ್ವೇನೇ?”

ಅತ್ತೆಯ ಬೆನ್ನು ಮೈದಾನದ ಕಡೆಗಿತ್ತು, ಕಣ್ಣಿನಿಂದ ತಿಳಿದದ್ದಲ್ಲ ಅದು. ಎಷ್ಟು ವರ್ಷವಾಗಿತ್ತು ಅವರು ಹೀಗೆ ತಾವಾಗಿಯೇ ಒಂದು ಸದ್ದನ್ನು ಹಿಡಿದು! ಮತ್ತೆ ಕಿಟಕಿಗೆ ತಿರುಗಿದ ಅತ್ತೆ ಗೋಡೆಗೆ ಅಂಗೈ ಒತ್ತಿ ನಿಂತರು. ಕೆಳಗೆ ಮಕ್ಕಳು ಕಿರುಚಿಕೊಂಡು ಒಳಗೋಡುತ್ತಿದ್ದರು. “ಅದೂ ಸ್ವಲ್ಪ ಸ್ವಲ್ಪ ಕೇಳ್ಸುತ್ತೆ,” ಎಂದರು, ಯಾರಿಗೂ ಅಲ್ಲ ಎಂಬಂತೆ.

ಹೊರಡುವಾಗ ಬಾಗಿಲ ಬಳಿ ಬೀಗದಕ್ಕ ನೋಡುತ್ತಾಳೆ, ಅತ್ತೆಯ ಹೆಗಲು ಖಾಲಿ. ಡಾಕ್ಟರ ಚೀಟಿ, ನೀರಿನ ಬಾಟಲಿ ಇದ್ದ ಚೀಲ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು.

ಅತ್ತೆಯ ಮುಖ ಕೆಂಪಾಯಿತು. “ವಯಸ್ಸಾಯ್ತು ನೋಡು, ಮರೆವು,” ಎಂದು ತಾವೇ ಹತ್ತಿ ಹೋಗಿ ತಂದರು.

ಬೀಗದಕ್ಕ ಅಂದೇ ಗಂಡನಿಗೆ ಹೇಳಿದಳು. “ರೀ, ಆ ಮನೆ ಅತ್ತೆಗೆ ಬೇಕು. ಬ್ಯಾಂಕಿನವರು ಸಾಲ ಕೊಡ್ತೀವಿ ಅಂತ ಯಾವಾಗಿಂದ ಹೇಳ್ತಾ ಇದಾರೆ. ತಗೊಳ್ಳೋಣ.”

“ತಗೊಳ್ಳೋಣ,” ಎಂದ ಗಂಡ. ಅಷ್ಟೇ. ಅವನು ಬಸ್ಸಿನಲ್ಲೂ ಹಾಗೇ, ಬ್ರೇಕು ಹಾಕಬೇಕಾದರೆ ಹಾಕುತ್ತಾನೆ, ಭಾಷಣ ಮಾಡುವುದಿಲ್ಲ. ಆಮೇಲೆ ಯೋಚಿಸಿ, “ಅಮ್ಮನ ನಿಯಮ?” ಎಂದು ಕೇಳಿದ.

ಅದೇ ಗಂಟಲಲ್ಲಿ ಸಿಕ್ಕಿಕೊಂಡದ್ದು. ಅತ್ತೆಗೆ ತಿಳಿಯದ ಹಾಗೆ ನಿಯಮ ಮುರಿಯಬಹುದಿತ್ತು, ಆದರೆ ಒಂದಲ್ಲ ಒಂದು ದಿನ ತಿಳಿದರೆ, ನಿಯಮ ಮುರಿದು ಕೊಂಡ ಮನೆಯಲ್ಲಿ ಅತ್ತೆ ಕಾಲಿಡುತ್ತಾರೆಯೇ? ತೋರಿಸಲೇಬೇಕು. ಅತ್ತೆಗೆ ಏನೂ ಹೇಳಬಾರದು ಎಂದು ಇಬ್ಬರೂ ಮಾತಾಡಿಕೊಂಡರು. ಆಸೆ ಹುಟ್ಟಿಸಿ ಕಿತ್ತುಕೊಂಡಂತೆ ಆಗಬಾರದಲ್ಲ.

ಹೇಗಿದ್ದರೂ ಆ ಮನೆ ಯಾರಿಗೂ ಹೋಗುವಂಥದ್ದಲ್ಲ ಎಂದು ಬೀಗದಕ್ಕ ಧೈರ್ಯವಾಗಿಯೇ ಇದ್ದಳು. ಮೊದಲು ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ಮೆಟ್ಟಿಲು ನೋಡಿದ ಹುಡುಗ, “ಫ್ರಿಜ್ಜು ಎಲ್ಲಿಂದ ಹತ್ತಿಸೋದು?” ಎಂದು ಅಲ್ಲಿಂದಲೇ ವಾಪಸಾದ. ಆಮೇಲೆ ಬಂದ ನರ್ಸಮ್ಮನಿಗೆ ಮನೆ ಹಿಡಿಸಿತ್ತು, ಆದರೆ ಅವರಿಗೆ ನೈಟ್ ಡ್ಯೂಟಿ, ಹಗಲು ನಿದ್ದೆ. ಗಂಟೆ ಒಮ್ಮೆ ಹೊಡೆದದ್ದೇ ಕಾಲಿಗೆ ಬುದ್ಧಿ ಹೇಳಿದರು. ಬೀಗದಕ್ಕ ಮನಸ್ಸಿನಲ್ಲೇ ಆ ಜವಾನನಿಗೆ ಒಂದು ಚಹಾ ಕೊಡಿಸಿದಳು.

ಮೂರನೆಯದಾಗಿ ಬಂದರು ಚಪ್ಪಲಿ ಅಂಗಡಿಯವರು ಮತ್ತು ಅವರ ಹೆಂಡತಿ. ಭಾನುವಾರ ಬೆಳಿಗ್ಗೆ, ಶಾಲೆಗೆ ರಜ. ಇಬ್ಬರು ಮಕ್ಕಳು, ಓದುವುದು ಎಲ್ಲಿ ಎಂದು ಕೇಳಿದರೆ, ಅಯ್ಯೋ ದೇವರೇ, ಅದೇ ಶಾಲೆಯಲ್ಲಿ!

ನೆಟ್ಟಗೆ ತೋರಿಸದೆ ಏನೋ ಒಂದು ಮಾಡಿ ಮುಗಿಸೋಣ ಎಂದು ಬೀಗದಕ್ಕನಿಗೆ ಒಂದು ಕ್ಷಣ ಅನ್ನಿಸಿತು, ಸುಳ್ಳೇಕೆ ಹೇಳುವುದು. ಆದರೆ ಹಾಳು ನಾಲಿಗೆ! ಅದಕ್ಕೆ ಮನೆಯನ್ನು ಕೆಟ್ಟದಾಗಿ ತೋರಿಸಿ ಗೊತ್ತೇ ಇಲ್ಲ. ಮೊದಲು ಕುಂದುಗಳನ್ನೆಲ್ಲ ಒಂದೂ ಬಿಡದೆ ಹೇಳಿದಳು, ಮೆಟ್ಟಿಲು, ಗದ್ದಲ, ಗಂಟೆ, ಮಳೆಗೆ ಒದ್ದೆಯಾಗುವ ಮೇಲಿನ ಮೂಲೆ. ಅಲ್ಲಿಗೆ ನಿಲ್ಲಿಸಬೇಕಿತ್ತು ತಾನೇ? ನಿಲ್ಲಲಿಲ್ಲ. “ಈ ಕಿಟಕಿ ನೋಡಿ, ಬೆಳಗಿನ ಬಿಸಿಲು ಸೀದಾ ಇಲ್ಲಿಗೇ. ಮಕ್ಕಳು ಊಟದ ಡಬ್ಬಿ ಮರೆತು ಹೋದ್ರೆ ಇಲ್ಲಿಂದ ಕೂಗಿ ಕರೆದು ಕೊಡಬಹುದು. ಬಸ್ಸಿಲ್ಲ, ಆಟೋ ಇಲ್ಲ, ಮಳೆ ಬಂದ್ರೂ ಚಿಂತೆ ಇಲ್ಲ,” ಎಂದು ಹೇಳುತ್ತಲೇ ಹೋದಳು. ಒಳಗೊಳಗೇ ತನ್ನ ಬಾಯಿಗೆ ತಾನೇ ಬೈದುಕೊಳ್ಳುತ್ತಿದ್ದಳು. ಮುಚ್ಚೇ, ಮುಚ್ಚೇ ಮಾರಾಯ್ತಿ!

ಆ ಹೆಂಗಸು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತಾ, ಹೆಗಲಿನ ಚೀಲ ತೆಗೆದು ಕಟ್ಟೆಯ ಮೇಲಿಟ್ಟರು. ಅತ್ತೆ ಇಟ್ಟ ಜಾಗದಲ್ಲೇ.

“ನಾಳೆ ಮಕ್ಕಳನ್ನೂ ಕರ್ಕೊಂಡು ಬಂದು ತೋರಿಸಿ, ಹಾಗೇ ಮುಂಗಡ ಕೊಟ್ಟು ಹೋಗ್ತೀವಿ,” ಎಂದರು ಅಂಗಡಿಯವರು.

ಆ ಸಂಜೆ ಬೀಗದಕ್ಕ ಚೀಲವನ್ನು ಎದೆಗೆ ಅವುಚಿಕೊಂಡು ಸದ್ದಿಲ್ಲದೆ ಮೆಟ್ಟಿಲು ಹತ್ತಿದಳು. ಅತ್ತೆ ಗೋಡೆ ನೋಡುತ್ತಾ ಕೂತಿದ್ದರು. ಎದುರಿಗೆ ಬಂದು ನಿಂತ ಸೊಸೆಯ ಮುಖ ನೋಡಿದ್ದೇ, “ವಾಚಿನವರ ಮನೆ ಹೋಯ್ತಾ?” ಎಂದು ಕೇಳಿದರು.

ಬೀಗದಕ್ಕ ತಲೆಯಾಡಿಸಿದಳು.

“ಯಾರು ಪಾರ್ಟಿ?”

“ಆ ಶಾಲೇಲೇ ಮಕ್ಕಳು ಓದೋರು, ಅತ್ತೆ.”

“ಓ! ಹೇಳಿ ಮಾಡಿಸಿದ ಹಾಗಿದೆ.” ಅತ್ತೆ ನಕ್ಕರು, ಬಹಳ ಅಚ್ಚುಕಟ್ಟಾಗಿ ನಕ್ಕರು. “ಒಳ್ಳೇ ಪಾರ್ಟಿ, ಕೈ ಬಿಡಬೇಡ. ಕುಂದೆಲ್ಲ ಹೇಳಿದೆ ತಾನೇ?”

“ಹೇಳಿದೆ.”

“ಮತ್ತೇನು, ಮುಖ ಯಾಕೆ ಹಾಗೆ ಇಟ್ಕೊಂಡಿದೀಯ? ಹೋಗು, ಏನಾದ್ರೂ ತಿನ್ನು.” ಎಂದವರೇ ಕುರ್ಚಿಯನ್ನು ಮತ್ತೆ ಕಿಟಕಿಗೆ ತಿರುಗಿಸಿಕೊಂಡರು. ಬೀಗದಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಅತ್ತೆಗೆ ಕೇಳಿಸುವುದಿಲ್ಲ ಎಂಬುದು ಆಮೇಲೆ ನೆನಪಾಗಿ, ನೀರು ದಂಡ ಎಂದು ನಲ್ಲಿ ನಿಲ್ಲಿಸಿ ಅತ್ತಳು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಚಪ್ಪಲಿ ಅಂಗಡಿಯವರ ಸಂಸಾರವೆಲ್ಲ ಬಂತು. ಎರಡು ಜಡೆಯ ಮಗಳು, ಅವಳಿಗಿಂತ ಚಿಕ್ಕ ಮಗ, ಇಬ್ಬರೂ ಯೂನಿಫಾರ್ಮಿನಲ್ಲೇ. ವಾಚಿನವರು ಕೆಳಗೆ ಕೂತು ಗಡಿಯಾರಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ತಾಯಿ ನಡುವಿನ ಕೋಣೆಗೆ ಬಂದವರೇ ಚೀಲವನ್ನು ನಿನ್ನೆಯ ಜಾಗದಲ್ಲೇ ಇಟ್ಟರು. ಮಕ್ಕಳು ಕಿಟಕಿಯ ಕಟ್ಟೆ ಹತ್ತಿದರು.

“ಇಲ್ಲಿಂದ ನಮ್ಮ ಶಾಲೆ ಪೂರ್ತಿ ಕಾಣುತ್ತಾ?” ಎಂದಳು ಹುಡುಗಿ.

“ಪೂರ್ತಿ ಕಾಣುತ್ತೆ ಪುಟ್ಟಿ.”

“ಅಲ್ಲಿಂದ ನಾವೂ ಕಾಣ್ತೀವಾ?”

ಕುಂದು ಬಚ್ಚಿಡುವ ಹಾಗಿಲ್ಲ, ಗುಣವನ್ನೂ ಬಚ್ಚಿಡುವ ಹಾಗಿಲ್ಲ. ಇದು ಯಾವುದರ ಲೆಕ್ಕಕ್ಕೆ ಬರುತ್ತದೋ ಬೀಗದಕ್ಕನಿಗೆ ತಿಳಿಯಲಿಲ್ಲ. “ಕಾಣ್ತೀರಲ್ಲ, ಚೆನ್ನಾಗಿ ಕಾಣ್ತೀರ,” ಎಂದಳು.

ಹುಡುಗಿ ಮೈದಾನದ ಆಚೆ, ಸರಿಯಾಗಿ ಎದುರಿಗಿದ್ದ ದೊಡ್ಡ ಕಿಟಕಿಯನ್ನು ನೋಡಿದಳು. ನೋಡಿದವಳ ಕಣ್ಣು ಅಗಲವಾಯಿತು. “ಏಯ್, ಅದು ಹೆಡ್ ಮೇಡಂ ರೂಮು ಕಣೋ!”

ಆ ಹೊತ್ತಿಗೇ ಆ ಕಿಟಕಿಯಲ್ಲಿ ಕನ್ನಡಕ ಹಾಕಿಕೊಂಡ ಒಂದು ಮುಖ ಕಾಗದದಿಂದ ಮೇಲೆದ್ದು ಇತ್ತ ನೋಡಿತು. ತನ್ನ ಶಾಲೆಯ ಮಕ್ಕಳು ಎಂದು ಗುರುತು ಹಿಡಿದು, ಪ್ರೀತಿಯಿಂದ ಕೈ ಬೀಸಿತು.

ಇಬ್ಬರೂ ದೊಪ್ಪನೆ ಕಟ್ಟೆಯಿಂದ ಕೆಳಗೆ ಬಿದ್ದು, ಗೋಡೆಗೆ ಅಂಟಿಕೊಂಡು ಕೂತರು.

“ಅಮ್ಮಾ, ಸಂಜೆ ಮನೆಗೆ ಬಂದ್ಮೇಲೂ ಹೆಡ್ ಮೇಡಂ ಇರ್ತಾರಾ?” ಎಂದು ಮಗ ಪಿಸುದನಿಯಲ್ಲಿ ಕೇಳಿದ.

“ಹೋಂವರ್ಕ್ ಮಾಡಿಲ್ಲ ಅಂದ್ರೆ ಅಲ್ಲಿಂದಲೇ ನೋಡ್ತಾರೆ,” ಎಂದಳು ಅಕ್ಕ. “ಬಸ್ ಲೇಟಾಯ್ತು ಅಂತಾನೂ ಹೇಳೋ ಹಾಗಿಲ್ಲ. ಜ್ವರ ಅಂತಾನೂ ಹೇಳೋ ಹಾಗಿಲ್ಲ.”

“ರಜದಲ್ಲೂ ಶಾಲೇನೇ ಕಾಣುತ್ತೆ!” ಎಂದ ಮಗನಿಗೆ ತನ್ನ ಇಡೀ ಬಾಳು ಕಣ್ಣ ಮುಂದೆ ಬಂದಿರಬೇಕು, ಹೋ ಎಂದು ಅಳಲು ಶುರುವಿಟ್ಟ.

ಬೀಗದಕ್ಕನ ಅಭ್ಯಾಸಬಲ ನೋಡಿ, ಇಂಥ ಗಳಿಗೆಯಲ್ಲೂ ಅವಳು ಮೊಣಕಾಲೂರಿ ಕೂತು, “ಅಳಬೇಡ ಮರಿ, ಮಧ್ಯಾಹ್ನ ಮನೆಗೇ ಬಂದು ಬಿಸಿಬಿಸಿ ಊಟ ಮಾಡಬಹುದು, ಗೊತ್ತಾ?” ಎಂದುಬಿಟ್ಟಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು. ಪುಣ್ಯಕ್ಕೆ ಅವನ ಅಳು ಇನ್ನೂ ಜೋರಾಯಿತು. ಗೆಳೆಯರೆಲ್ಲ ಡಬ್ಬಿ ಬಿಚ್ಚುವಾಗ ತಾನೊಬ್ಬ ಮನೆಗೆ ಹೋಗಬೇಕೇ!

ಗಂಡ ಹೆಂಡತಿ ಕೆಳಗಿಳಿದು ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಬೀಗದಕ್ಕನ ಕಿವಿ ಚುರುಕಾಗಿಯೇ ಇತ್ತು, ಆದರೂ ಅವಳು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳುವ ಧೈರ್ಯವಿರಲಿಲ್ಲ. ಆ ತಾಯಿ ಮತ್ತೆ ಮೇಲೆ ಬಂದರು. ಮಗನ ಮೂಗು ಒರೆಸಿದರು. ಆಮೇಲೆ ಕಟ್ಟೆಯ ಮೇಲಿನ ಚೀಲವನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

“ಬೇಜಾರು ಮಾಡ್ಕೋಬೇಡಿ ಬೀಗದಕ್ಕ. ಇವರು ದಿನಾ ಹೀಗೆ ಅತ್ರೆ ನಮ್ಮ ಕಥೆ ಮುಗೀತು. ಲಿಫ್ಟಿರೋ ಫ್ಲ್ಯಾಟು ಯಾವುದಾದ್ರೂ ಇದ್ರೆ ಹೇಳಿ, ಶಾಲೆಯಿಂದ ಸ್ವಲ್ಪ ದೂರಕ್ಕೇ ಇರ್ಲಿ.”

“ಇದೆ! ಖಂಡಿತ ಇದೆ! ನಾಳೇನೇ ತೋರಿಸ್ತೀನಿ!” ಎಂದಳು ಬೀಗದಕ್ಕ. ಹೋಗುತ್ತಿದ್ದ ಆ ಇಬ್ಬರು ಮಕ್ಕಳ ಕೆನ್ನೆಯನ್ನು ಅವಳು ಅದೇಕೆ ಅಷ್ಟು ಹಿಂಡಿದಳೋ ಅವರಿಗೆ ಅರ್ಥವಾಗಲಿಲ್ಲ.

ಕೆಳಗೆ ವಾಚಿನವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. “ಇದೂ ಹೋಯ್ತಲ್ಲಮ್ಮ. ತಿಂಗಳು ಮುಗೀತಾ ಬಂತು. ಇನ್ನು ಯಾರು ಬರ್ತಾರೆ?”

“ಇನ್ನೊಂದು ಪಾರ್ಟಿ ಇದೆ ಯಜಮಾನ್ರೇ. ಚೌಕಾಸಿ ಮಾಡಲ್ಲ, ನೀವು ಹೇಳಿದ ಬೆಲೆಗೇ ತಗೋತಾರೆ.”

“ಯಾರದು?”

“ಒಬ್ಬ ಬಸ್ ಡ್ರೈವರು, ಅವನ ಹೆಂಡ್ತಿ, ಅವನ ಅಮ್ಮ.”

“ಗದ್ದಲದ ವಿಷಯ ಹೇಳಿದ್ರಾ ಅವರಿಗೆ? ಗಂಟೆ ವಿಷಯ?”

“ಆ ಅಮ್ಮನಿಗೆ ಗಂಟೆನೇ ಬೇಕಂತೆ.”

ವಾಚಿನವರು ಕನ್ನಡಕ ಹಣೆಗೇರಿಸಿ ಅವಳನ್ನು ದಿಟ್ಟಿಸಿದರು. ಡ್ರೈವರಿನ ಹೆಂಡತಿ ಯಾರೆಂದು ಹೊಳೆಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. “ಅಲ್ಲಮ್ಮಾ, ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ನಾನಿಲ್ಲಿ ನಿದ್ದೆ ಇಲ್ಲದೆ ಒದ್ದಾಡ್ತಾ ಇದೀನಿ!”

“ಅದು ನಮ್ಮತ್ತೆ ನಿಯಮ ಯಜಮಾನ್ರೇ. ಬೈಯೋದಿದ್ರೆ ಅವರಿಗೇ ಬೈಯಿರಿ. ಜೋರಾಗಿ ಬೈಯಿರಿ, ಮೆತ್ತಗೆ ಬೈದ್ರೆ ಕೇಳ್ಸಲ್ಲ.”

ಅಂದು ಬೀಗದಕ್ಕ ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು, ಚೀಲ ಇಡೀ ಕಟ್ಟಡ ಎಬ್ಬಿಸುವ ಹಾಗೆ ಕುಲುಕಿತು. ಅತ್ತೆಯ ಕಿವಿಗೆ ಬಾಯಿ ಹಚ್ಚಿ ಕೂಗಿದಳು. “ಅತ್ತೆ! ನಾಳೆ ನೀವೊಂದು ಮನೆ ತೋರಿಸಬೇಕು!”

“ನಾನಾ? ನಿನಗೇನು ಬಂದಿದೆ ರೋಗ? ನೀನೇ ತೋರಿಸು.”

“ನಾನು ತೋರಿಸೋ ಹಾಗಿಲ್ಲ. ಬ್ರೋಕರು ತನಗೆ ತಾನೇ ತೋರಿಸ್ಕೊಳ್ಳೋದು ಚೆನ್ನಾಗಿರಲ್ಲ.”

ಅತ್ತೆ ಅವಳ ತುಟಿಯನ್ನೇ ನೋಡುತ್ತಿದ್ದರು. “ಯಾವ ಮನೆ?”

“ವಾಚಿನವರದ್ದು. ಎಲ್ಲರಿಗೂ ತೋರಿಸಾಯ್ತು. ಎಲ್ಲರೂ ಬೇಡ ಅಂದ್ರು.”

ಅತ್ತೆಯ ಕಣ್ಣು ತುಂಬಿ ಬಂತು, ತುಂಬಿದ ಕಣ್ಣಿನಲ್ಲೇ ಸೊಸೆಯ ತೋಳಿಗೆ ಪಟ್ಟನೆ ಒಂದು ಏಟು ಕೊಟ್ಟರು. “ನನ್ನ ಮುಂದೆ ನಾಟಕ ಆಡ್ತೀಯೇನೇ!” ಎಂದು ಬೈದರು. ಆಮೇಲೆ ಎದ್ದು ಹೋಗಿ, ಮಂಚದ ಕೆಳಗಿನಿಂದ ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದ ಹಳೆಯ ಚಪ್ಪಲಿ ಹುಡುಕಿ ತೆಗೆದು ಒರೆಸಲು ಕೂತರು.

ಮರುದಿನ ಡ್ರೈವರು ರಜ ಹಾಕಿದ. ವಾಚಿನವರ ಮನೆಯ ಬಾಗಿಲಲ್ಲಿ ಅತ್ತೆ ನಿಂತರು, ಕೈಯಲ್ಲಿ ಬೀಗದ ಕೈ. ಮಗ ಸೊಸೆ ಗಿರಾಕಿಗಳ ಹಾಗೆ ಮೆಟ್ಟಿಲ ಕೆಳಗೆ ನಿಂತರು. ಸೊಸೆಯ ಹೆಗಲಲ್ಲಿ ಅದೇ ಕಂದು ಚೀಲ.

“ಬನ್ನಿ ಬನ್ನಿ, ಕಾಲು ನೋಡ್ಕೊಂಡು ಬನ್ನಿ,” ಎಂದರು ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ದನಿ ಹೊರಬಂದಿತ್ತು. “ಏನಪ್ಪಾ, ಏನು ಕೆಲಸ ಮಾಡ್ತೀರಿ ತಾವು?”

“ಅಮ್ಮಾ...” ಎಂದ ಮಗ.

“ಅಮ್ಮ ಗಿಮ್ಮ ಎಲ್ಲ ಆಮೇಲೆ. ಕೆಲಸ?”

“ಬಸ್ ಡ್ರೈವರು,” ಎಂದ ಅವನು, ಪೆಚ್ಚುಪೆಚ್ಚಾಗಿ. ವಾಚಿನವರು ಪೆಟ್ಟಿಗೆಯ ಹಿಂದೆ ಮುಖ ಮರೆಸಿಕೊಂಡು ನಕ್ಕರು.

ಅತ್ತೆ ಒಂದನ್ನೂ ಬಿಡಲಿಲ್ಲ. ಅಡುಗೆಮನೆಯ ಸಿಂಕಿನ ಕೆಳಗೆ ಬಗ್ಗಿ ತೋರಿಸಿದರು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ಸದ್ದು ಕೇಳಿಸದಿದ್ದರೂ ಕೈಗೆ ತಿಳಿಯುತ್ತದಂತೆ. ಮೇಲಿನ ಒದ್ದೆ ಮೂಲೆಗೆ ಕರೆದುಕೊಂಡು ಹೋಗಿ, “ಇದನ್ನ ರಿಪೇರಿ ಮಾಡಿಸ್ಕೊಳ್ಳಿ, ಆಮೇಲೆ ನನ್ನ ಬೈಬೇಡಿ,” ಎಂದರು. ಕೊನೆಗೆ ನಡುವಿನ ಕೋಣೆಗೆ ಬಂದು ಕಿಟಕಿಯ ಮುಂದೆ ನಿಂತರು.

“ಈಗ ಈ ಮನೆಯ ದೊಡ್ಡ ಕುಂದು. ಮೊದಲೇ ಹೇಳಿಬಿಡ್ತೀನಿ. ಪಕ್ಕದಲ್ಲೇ ಶಾಲೆ. ಗದ್ದಲ ಅಂದ್ರೆ ಗದ್ದಲ. ಗಂಟೆ ಅಂತೂ ಈ ಗೋಡೆಗೇ ಇದೆ. ಬೆಳಿಗ್ಗೆಯಿಂದ ಸಂಜೆ ತನಕ...”

ಜವಾನ ಗಂಟೆ ಹೊಡೆದ. ಕೆಳಗೆ ವಾಚಿನವರು, “ಇವತ್ತೂ ಲೇಟು!” ಎಂದು ಗೊಣಗಿದರು.

ಅತ್ತೆಯ ಮಾತು ಅಲ್ಲೇ ನಿಂತಿತು. ಗೋಡೆಯ ಮೇಲೆ ಅಂಗೈ ಇಟ್ಟು, ಆ ಗುಂಯ್ ಎಂಬುದು ಪೂರ್ತಿ ಆರುವವರೆಗೆ ತಲೆ ವಾಲಿಸಿ ನಿಂತರು. ಆಟಕ್ಕೆ ಬಿಟ್ಟ ಮಕ್ಕಳು ಮೈದಾನದ ತುಂಬ ಕಿರುಚುತ್ತಾ ಹರಡಿಕೊಂಡರು.

“ನೋಡಿದ್ರಾ?” ಎಂದರು. “ಕೇಳ್ಸ್ತಾನೇ ಇರುತ್ತೆ.”

ಮಗ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಬೀಗದಕ್ಕ ಹೋಗಿ ಹೆಗಲಿನ ಚೀಲ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಊರಿನ ಬೀಗದ ಕೈಗಳೆಲ್ಲ ಝಲ್ಲೆಂದು ಕೂತವು.

ಅತ್ತೆ ಆ ಚೀಲವನ್ನು ನೋಡಿದರು. ಕಣ್ಣೊರೆಸಿಕೊಂಡರು. ಮೆಟ್ಟಿಲ ಹತ್ತಿರ ಹೋಗಿ ಕೆಳಕ್ಕೆ ಬಗ್ಗಿ, ಶಾಲೆಗೂ ಕೇಳುವ ಹಾಗೆ ಕೂಗಿದರು:

“ಯಜಮಾನ್ರೇ, ಪಾರ್ಟಿ ಒಪ್ಪಿದ್ರು!”